ಹಟ್ಟಿ ಈಗ ಗ್ಯಾರೇಜ್: ಕೆಂಪುಕಲ್ಲಿನ ಗೋಡೆಗೆ ಬಣ್ಣ ಹೊಡೆಯೋದಾ, ಕ್ಲೀನ್ ಮಾಡಿ ಬಿಡೋದಾ?

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಮನೆಯಲ್ಲಿ ಒಂದು ಗೋಡೆಯ ವಿಷಯಕ್ಕೆ ಮೂರು ಪಕ್ಷ ಆಯಿತು.

ಗೋಡೆ ಇರುವುದು ಬಿಜೂರಿನ ನಮ್ಮ ಹಳೇ ಹಟ್ಟಿಯಲ್ಲಿ. ದನ ಮಾರಿ ನಾಲ್ಕು ವರ್ಷವಾಯಿತು. ಈಗ ಅಲ್ಲಿ ಟಿಲ್ಲರ್, ಎರಡು ಬೈಕು, ಬ್ರಷ್ ಕಟರ್, ಮದ್ದು ಬಿಡುವ ಪಂಪು, ಗೊಬ್ಬರದ ಚೀಲ. ಹೆಸರು ಮಾತ್ರ ಹಟ್ಟಿ, ಕೆಲಸ ಗ್ಯಾರೇಜಿನದು. ಗಾರೆ ಮಾಡದ ಬರೀ ಕೆಂಪುಕಲ್ಲಿನ ಗೋಡೆ, ಮೇಲೆ ಹಂಚಿನ ಮಾಡು. ಕೆಳಗಿನ ಎರಡು ಅಡಿ ಹಸಿರು ಪಾಚಿ, ಅದರ ಮೇಲೆ ಬಿಳಿ ಬಿಳಿ ಹುಡಿ, ಅದಕ್ಕೂ ಮೇಲೆ ಡೀಸೆಲ್ ಹೊಗೆಯ ಕಪ್ಪು. ಹೆಂಡತಿಗೆ ಅದರೊಳಗೆ ಹೋಗಲಿಕ್ಕೇ ಹೆದರಿಕೆ. "ಹೋಯ್, ಒಳ್ಗ್ ಬರೀ ಕತ್ಲಿ, ಎಂತ ಇತ್ತ್ ಅಂದೇ ಕಾಂತಿಲ್ಲೆ" ಅಂತ ವರ್ಷದಿಂದ ಹೇಳುತ್ತಿದ್ದಳು. ಹೋದ ಮಳೆಗಾಲದಲ್ಲಿ ಬ್ರಷ್ ಕಟರ್ ಎತ್ತಲು ಹೋದಾಗ ಕಲ್ಲಿನ ಸಂದಿಯಿಂದ ಚೇಳು ಕಚ್ಚಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಕಳೆದ ಮೇಲೆ ಅದು ಮಾತಾಗಿ ಉಳಿಯಲಿಲ್ಲ. ಬಿಳಿ ಬಣ್ಣ ಹೊಡೆಸಲೇಬೇಕು ಎಂದಳು. ನಾನೂ ಅದೇ ಪಕ್ಷ.

ಬೆಂಗಳೂರಿನಿಂದ ಬಂದ ತಮ್ಮನದು ಬೇರೆ ರಾಗ. "ಕೆಂಪುಕಲ್ಲು ಅಂದ್ರೆ ಈಗ ಫ್ಯಾಷನ್ ಮಾರಾಯ. ವಾಟರ್ ವಾಶ್ ಮಾಡಿ ಕ್ಲಿಯರ್ ಕೋಟ್ ಹೊಡೆಸು, ರೆಸಾರ್ಟ್ ತರ ಕಾಣ್ತದೆ" ಅಂದ. ಅಪ್ಪಯ್ಯ ಜಗಲಿಯಲ್ಲಿ ಕೂತಲ್ಲಿಂದಲೇ, "ಕಲ್ಲಿಗ್ ಎಂತಕ್ಕಾ ಬಣ್ಣ? ಗುಡ್ಸಿ ಬಿಟ್ರ್ ಸಾಕಲ್ದಾ?" ಎಂದು ಮುಗಿಸಿದರು.

ಬಣ್ಣದವರನ್ನು ಕರೆಸಿ ಕೇಳಿದೆ. ತೊಳೆದು, ಒಂದು ಕೋಟ್ ಪ್ರೈಮರ್, ಎರಡು ಕೋಟ್ ಎಮಲ್ಷನ್, ಒಳಗೂ ಹೊರಗೂ ಸೇರಿ ಮೂವತ್ತೊಂದು ಸಾವಿರ. ಅಡ್ವಾನ್ಸ್ ಕೊಡಲು ಫೋನ್ ಕೈಗೆತ್ತಿಕೊಂಡವನು ಹಿಂದಿನ ಪಂಪ್ ಕೋಣೆ ನೆನಪಾಗಿ ನಿಲ್ಲಿಸಿದೆ. ಈ ಲೇಖನ ಬರೆಯಲು ಕಾರಣವೂ ಆ ಪಂಪ್ ಕೋಣೆಯೇ.

ಪಂಪ್ ಕೋಣೆಯಲ್ಲಿ ನಾನು ಮಾಡಿದ ತಪ್ಪು

2019ರಲ್ಲಿ ಹಟ್ಟಿಗೆ ತಾಗಿದ ಪಂಪ್ ಕೋಣೆಗೆ ನಾನೇ ಬಣ್ಣ ಹೊಡೆದಿದ್ದೆ. ಅದೂ ಕೆಂಪುಕಲ್ಲೇ. ಪಾಚಿ ಕೆರೆದು, ನೀರು ಹಾಕಿ ತಿಕ್ಕಿ, ಎರಡು ದಿನ ಬಿಸಿಲಿಗೆ ಬಿಟ್ಟು, ಒಳ್ಳೇ ಎಮಲ್ಷನ್ ಎರಡು ಕೋಟ್. ಫೋಟೋ ತೆಗೆದು ಸ್ಟೇಟಸ್ ಕೂಡ ಹಾಕಿದ್ದೆ. ಮೊದಲ ಮಳೆಗಾಲ ಕಳೆದಾಗ ಅಲ್ಲಲ್ಲಿ ಗುಳ್ಳೆ. ಎರಡನೇ ಮಳೆಗಾಲಕ್ಕೆ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಹೋಗಲಿ, ಬಣ್ಣ ತಾನೇ ಎಂದು ಒಂದು ಪದರ ಕಿತ್ತರೆ ಅದರ ಬೆನ್ನಿಗೆ ಕಲ್ಲಿನ ಹುಡಿಯೂ ಅಂಟಿಕೊಂಡೇ ಬಂತು. ಬೆರಳಲ್ಲಿ ಕೆರೆದರೆ ಕಲ್ಲು ಉದುರುತ್ತಿತ್ತು. ಮೂಲೆಯ ಒಂದು ಕಲ್ಲು ಈಗ ಒಂದೂವರೆ ಇಂಚು ಒಳಗೆ ಹೋಗಿದೆ. ಅದರ ಮೇಲೆಯೇ ಮಾಡಿನ ತೊಲೆ ಕೂತಿದೆ.

ಆವಾಗ ಕಲ್ಲನ್ನೇ ಬೈದೆ. ಈ ಸಲ ಹಟ್ಟಿ ತೋರಿಸಲು ಕರೆಸಿದ ಹಳೇ ಮೇಸ್ತ್ರಿ ಪಂಪ್ ಕೋಣೆ ಗೋಡೆಗೆ ಉಗುರು ಹಾಕಿ ನೋಡಿ, "ಮಾಣಿ, ಕಲ್ಲ್ ತನ್ನಿಂದ್ ಹಾಳಾದ್ದಲ್ಲ, ನೀನೇ ಉಸ್ರ್ ಕಟ್ಸಿ ಹಾಳ್ ಮಾಡದ್ದ್" ಅಂದರು. ಅವರು ಹೇಳಿದ್ದು ನಿಜ. ಯಾಕೆ ನಿಜ ಅಂತ ಅರ್ಥವಾಗಬೇಕಾದರೆ ಈ ಕಲ್ಲು ಏನು ಅಂತ ಸ್ವಲ್ಪ ತಿಳಿದಿರಬೇಕು.

ನಮ್ಮ ಕಲ್ಲು, ಇಟ್ಟಿಗೆಯ ಹೆಸರು

ಕೆಂಪುಕಲ್ಲು, ಮುರಕಲ್ಲು, ಉತ್ತರ ಕನ್ನಡದ ಕಡೆ ಚಿರೆಕಲ್ಲು, ಎಲ್ಲ ಒಂದೇ. ಇಂಗ್ಲಿಷಿನ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಈಸ್ಟ್ ಇಂಡಿಯಾ ಕಂಪನಿಗಾಗಿ 1800-01ರಲ್ಲಿ ಮೈಸೂರು, ಮಲಬಾರ್, ಕೆನರಾ ಸುತ್ತಿದವನು. ನಮ್ಮ ಕುಂದಾಪುರ, ಬೈಂದೂರು ಸೀಮೆಯನ್ನೂ ದಾಟಿ ಹೋದವನು. ಕೇರಳದ ಅಂಗಡಿಪುರಂನಲ್ಲಿ ಜನ ನೆಲದಿಂದ ಮೆತ್ತಗಿನ ಕಲ್ಲು ಕಡಿದು ತೆಗೆಯುವುದನ್ನೂ, ಅದು ಗಾಳಿಗೆ ಬಿದ್ದ ಮೇಲೆ ಇಟ್ಟಿಗೆಯ ಹಾಗೆ ಗಟ್ಟಿಯಾಗುವುದನ್ನೂ ಕಂಡ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ 'ಲೇಟರ್' ಅನ್ನುತ್ತಾರೆ. 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಆ ಹೆಸರು ಪ್ರಪಂಚಕ್ಕೆಲ್ಲ ಹೋಯಿತು.

ಗಾಳಿಗೆ ಬಿದ್ದು ಗಟ್ಟಿಯಾಗುತ್ತದೆ ಎಂಬ ಆ ಗುಣವನ್ನು ನೆನಪಿಟ್ಟುಕೊಳ್ಳಿ. ಹೊರಮೈಯಲ್ಲಿ ಕಬ್ಬಿಣದ ಅಂಶ ಗಟ್ಟಿಯಾಗಿ ಒಂದು ಸಿಪ್ಪೆ ಕಟ್ಟಿರುತ್ತದೆ. ಒಳಗೆ ಜೇನುಗೂಡಿನ ಹಾಗೆ ತೂತು, ಕೆಲವು ತೂತಿನಲ್ಲಿ ಹಳದಿ ಅಥವಾ ಬಿಳಿ ಜೇಡಿ. ಸಿಪ್ಪೆ ಉಳಿದರೆ ಗೋಡೆ ತಲೆಮಾರುಗಟ್ಟಲೆ ಉಳಿಯುತ್ತದೆ. ಸಿಪ್ಪೆ ಹೋದರೆ ಒಳಗಿನ ಜೇಡಿ ಪ್ರತಿ ಮಳೆಗೂ ತೊಳೆದು ಹೋಗುತ್ತದೆ.

ಇನ್ನೊಂದು ಗುಣ, ಇದು ನೀರು ಕುಡಿಯುವ ಕಲ್ಲು. ಭಾರತೀಯ ಮಾನಕ ಸಂಸ್ಥೆ ಗೋಡೆಯ ಲ್ಯಾಟರೈಟ್ ಕಲ್ಲು ತನ್ನ ತೂಕದ ಶೇ. 12ಕ್ಕಿಂತ ಹೆಚ್ಚು ನೀರು ಹೀರಬಾರದು ಅಂತ ಮಿತಿ ಇಟ್ಟಿದೆ. ಅಂದರೆ ಒಳ್ಳೇ ಕಲ್ಲೇ ಅಷ್ಟು ಹೀರಬಹುದು. ನಮ್ಮಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಕುಡಿಯುತ್ತದೆ, ನವೆಂಬರ್‌ನಿಂದ ಮೇ ತನಕ ಉಸಿರಾಡಿ ಒಣಗುತ್ತದೆ. ಎಮಲ್ಷನ್ ಎಂದರೆ ಪ್ಲಾಸ್ಟಿಕ್ಕಿನ ಪದರ. ಎದುರಿನ ಮಳೆಯನ್ನು ಅದು ತಡೆಯಬಹುದು. ಆದರೆ ನೀರು ಬರುವುದು ಎದುರಿನಿಂದ ಮಾತ್ರ ಅಲ್ಲವಲ್ಲ. ಪಂಚಾಂಗದ ಕೆಳಗಿನಿಂದ ಏರುತ್ತದೆ, ಮಾಡಿನ ಸಂದಿಯಿಂದ ಇಳಿಯುತ್ತದೆ. ಒಳಗೆ ಬಂದ ನೀರಿಗೆ ಹೊರಗೆ ಹೋಗುವ ಬಾಗಿಲು ಮುಚ್ಚಿದ್ದು ನಾನು.

ಆ ಬಿಳಿ ಹುಡಿ ಯಾವುದು?

ಹೆಚ್ಚಿನವರು ಅದನ್ನು ಬೂಸ್ಟು ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಒಂದು ಹನಿ ನೀರು ಮುಟ್ಟಿಸಿ ನೋಡಿ. ಕರಗಿ ಮಾಯವಾದರೆ ಉಪ್ಪು, ಕರಗದೆ ಲೋಳೆಯಾಗಿ ಉಳಿದರೆ ಬೂಸ್ಟು. ನಾಲಗೆಗೆ ಹಚ್ಚಿ ನೋಡುವ ಹಳೇ ಅಭ್ಯಾಸ ಬೇಡ. ಗೊಬ್ಬರ, ಮದ್ದು ಇಟ್ಟ ಜಾಗ ಅದು.

ಹಟ್ಟಿ ಗೋಡೆಯಲ್ಲಿ ಉಪ್ಪು ಇರಲೇಬೇಕು. ವರ್ಷಗಟ್ಟಲೆ ದನದ ಗಂಜಲ ನೆಲಕ್ಕೆ, ಗೋಡೆಯ ಬುಡಕ್ಕೆ ಇಳಿದಿರುತ್ತದೆ. ಗಂಜಲದ ಯೂರಿಯಾ ಅಮೋನಿಯಾ ಆಗಿ, ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೇಟ್ ಆಗಿ, ಗಾರೆಯ ಸುಣ್ಣದ ಜೊತೆ ಸೇರಿ ನೈಟ್ರೇಟ್ ಉಪ್ಪಾಗುತ್ತದೆ. ನಾವು ಗದ್ದೆಗೆ ಯೂರಿಯಾ ಹಾಕಿದಾಗ ಆಗುವ ಕೆಲಸವೇ, ಜಾಗ ಮಾತ್ರ ಗೋಡೆ. ಹಿಂದೆ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪನ್ನು ಬಿಹಾರದಲ್ಲಿ ಇಂಥ ದನ ಕಟ್ಟಿದ ಜಾಗದ ಮಣ್ಣಿನಿಂದಲೇ ತೆಗೆಯುತ್ತಿದ್ದರು. 1790ರ ದಶಕದಲ್ಲಿ, ಕ್ರಾಂತಿಯ ಕಾಲದ ಫ್ರಾನ್ಸಿನಲ್ಲಿ, ಕುದುರೆ ಲಾಯದ ಮತ್ತು ನೆಲಮಾಳಿಗೆಯ ಗೋಡೆ ಕೆರೆದು ಇದೇ ಉಪ್ಪು ಕೂಡಿಸಿದರು. ನಮ್ಮ ಹಟ್ಟಿ ಗೋಡೆಯಲ್ಲಿ ಬಾಂಬು ಇದೆ ಅಂತ ಅಲ್ಲ, ಹೆದರಬೇಡಿ! ಉಪ್ಪು ಎಷ್ಟು ಸೇರಿರಬಹುದು ಅಂತ ಹೇಳಲಿಕ್ಕೆ ಈ ಮಾತು.

ಹಟ್ಟಿಯನ್ನು ಗ್ಯಾರೇಜ್ ಮಾಡಿದ ಮೇಲೆ ನಾನು ಮತ್ತೊಂದಿಷ್ಟು ಸೇರಿಸಿದೆ. ಯೂರಿಯಾ, ಪೊಟ್ಯಾಷ್ ಚೀಲಗಳನ್ನು ಗೋಡೆಗೆ ಒರಗಿಸಿ ಪೇರಿಸಿದ್ದೆ. ಮಳೆಗಾಲದ ಗಾಳಿಗೆ ಚೀಲ ಬೆವರುತ್ತದೆ, ಬೆವರು ಗೋಡೆಗೆ ಹೋಗುತ್ತದೆ. ಬಿಳಿ ಹುಡಿ ಅತಿ ಹೆಚ್ಚು ಇದ್ದದ್ದು ಪೊಟ್ಯಾಷ್ ಇಟ್ಟ ಮೂಲೆಯಲ್ಲೇ. ಜೊತೆಗೆ ಕಡಲ ಗಾಳಿಯ ಉಪ್ಪು ಬೇರೆ. ನಾಗೂರು, ಉಪ್ಪುಂದದ ಕಡಲು ನಮಗೆ ದೂರವೇನೂ ಅಲ್ಲ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪೇ ಗಾಳಿಯಿಂದ ನೀರು ಎಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ನಮ್ಮ ತೇವಾಂಶ ಅದಕ್ಕಿಂತ ಎಷ್ಟೋ ಮೇಲೆ. ಹಾಗಾಗಿ ಎಲ್ಲೂ ಸೋರದಿದ್ದರೂ ಗೋಡೆ ಒದ್ದೆಯಾಗಿರುತ್ತದೆ.

ಬೇಸಿಗೆ ಬಂದಾಗ ನೀರು ಆವಿಯಾಗಿ ಉಪ್ಪು ಹರಳು ಕಟ್ಟುತ್ತದೆ. ಬರೀ ಕಲ್ಲಾದರೆ ಹರಳು ಹೊರಮೈಯಲ್ಲಿ ಹುಡಿಯಾಗಿ ನಿಲ್ಲುತ್ತದೆ, ಗುಡಿಸಿದರೆ ಹೋಗುತ್ತದೆ. ಬಣ್ಣ ಇದ್ದರೆ ಹರಳು ಬಣ್ಣದ ಹಿಂದೆ, ಕಲ್ಲಿನ ತೂತಿನೊಳಗೆ ಬೆಳೆಯುತ್ತದೆ. ಬೆಳೆಯುವಾಗ ಅದು ಕಲ್ಲನ್ನೇ ಒಡೆದು ಜಾಗ ಮಾಡಿಕೊಳ್ಳುತ್ತದೆ. ನನ್ನ ಪಂಪ್ ಕೋಣೆಯಲ್ಲಿ ಆದದ್ದು ಇದು. "ಗುಡ್ಸಿ ಬಿಟ್ರ್ ಸಾಕಲ್ದಾ" ಎಂದ ಅಪ್ಪಯ್ಯನಿಗೆ ಈ ಲೆಕ್ಕವೆಲ್ಲ ಗೊತ್ತಿರಲಿಲ್ಲ, ಆದರೆ ಅವರು ಹೇಳಿದ್ದು ಅರ್ಧಕ್ಕಿಂತ ಹೆಚ್ಚು ಸರಿ.

ನಿರ್ಧಾರಕ್ಕೆ ಮುಂಚೆ ಎರಡು ಪರೀಕ್ಷೆ

ಮೊದಲನೆಯದು ಪ್ಲಾಸ್ಟಿಕ್ ಪರೀಕ್ಷೆ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಹಾಕಿ. ಮುರಕಲ್ಲಿನ ಒರಟಿಗೆ ಟೇಪ್ ಕೂರುವುದಿಲ್ಲ. ನಾನು ಅಂಚಿಗೆ ಹಿಟ್ಟಿನ ಹಾಗೆ ಕಲಸಿದ ಜೇಡಿಮಣ್ಣು ಒತ್ತಿದೆ, ಚೆನ್ನಾಗಿ ಹಿಡಿಯಿತು. ಒಂದು ದಿನ ಬಿಟ್ಟು ನೋಡಿ. ಹನಿ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ, ಗೋಡೆಯ ಕಡೆ ಇದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದರೆ ಪರಿಹಾರ. ನೆಲದಿಂದ ಒಂದಡಿ ಮೇಲೆ ಒಂದು, ಐದಡಿ ಮೇಲೆ ಒಂದು ಹಾಕಿ. ನಮ್ಮಲ್ಲಿ ಜನವರಿಯಲ್ಲೂ ಕೆಳಗಿನದ್ದರ ಒಳಮೈ ಪೂರಾ ಹನಿ, ಮೇಲಿನದ್ದು ಒಣ. ಕಾರಣ ಪಂಚಾಂಗದ ಕಡೆಯೇ ಇದೆ ಅಂತ ಗೊತ್ತಾಯಿತಲ್ಲ?

ಎರಡನೆಯದಕ್ಕೆ ಮೊಬೈಲ್ ಸಾಕು. ಒಂದು ಹಿಡಿ ಜಾಗ ಗುಡಿಸಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ಫೋಟೋ ತೆಗೆಯಿರಿ. ಹದಿನೈದು ದಿನಕ್ಕೊಮ್ಮೆ ಅದೇ ಜಾಗ, ಅದೇ ಹೊತ್ತು, ಅದೇ ನಾಣ್ಯ. ಹುಡಿ ಮತ್ತೆ ಎಷ್ಟು ಬೇಗ ಬರುತ್ತದೆ, ತೂತು ದೊಡ್ಡದಾಗುತ್ತಿದೆಯಾ ಎಂದು ಫೋಟೋ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಕಣ್ಣಿನ ಅಂದಾಜು ಮೋಸ ಮಾಡುತ್ತದೆ, ನನಗೆ ಮಾಡಿದೆ.

ಕ್ಲೀನ್ ಮಾಡುವುದರಲ್ಲೂ ಹಾಳು ಮಾಡಬಹುದು

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಯಾಕೆಂದರೆ ನಮ್ಮ ವಯಸ್ಸಿನವರ ಕೈ ಮೊದಲು ಹೋಗುವುದು ಎಚ್‌ಟಿಪಿ ಪಂಪಿಗೆ. ಅಡಿಕೆಗೆ ಬೋರ್ಡೋ ಬಿಡುವ ಪಂಪು ಹೇಗೂ ಇದೆ, ಪ್ರೆಶರ್ ವಾಶ್ ಮಾಡಿಯೇ ಬಿಡೋಣ ಅಂತ. ನಾನೂ ಹಟ್ಟಿಯ ಹಿಂಬದಿಯಲ್ಲಿ ಒಂದು ಮೂಲೆಗೆ ಹಿಡಿದು ನೋಡಿದೆ. ಪಾಚಿ ಹೋಯಿತು, ಬಹಳ ಖುಷಿಯಾಯಿತು. ಕೆಳಗೆ ಹರಿದ ನೀರು ನೋಡಿದರೆ ಅರಿಶಿನ ಕದಡಿದ ಬಣ್ಣ. ಹೋದದ್ದು ಕೊಳೆ ಮಾತ್ರ ಅಲ್ಲ, ಕಲ್ಲಿನೊಳಗಿನ ಜೇಡಿ. ಸಿಪ್ಪೆ ಒಡೆದು ತೂತುಗಳು ಬಾಯಿ ತೆರೆದಿದ್ದವು. ಅಲ್ಲಿಗೇ ನಿಲ್ಲಿಸಿದೆ. ನೀರು ಹಾಕಿ ತೊಳೆದರೆ ಇನ್ನೊಂದು ತೊಂದರೆ: ಉಪ್ಪು ಕರಗಿ ಕಲ್ಲಿನೊಳಕ್ಕೇ ವಾಪಸ್ ಹೋಗುತ್ತದೆ, ಒಣಗುವಾಗ ಮತ್ತೆ ಹೊರಗೆ ಬರುತ್ತದೆ.

ಉಪ್ಪನ್ನು ಒಣಗಿದ್ದಾಗಲೇ ತೆಗೆಯಬೇಕು. ಜನವರಿಯಿಂದ ಮಾರ್ಚ್ ಒಳ್ಳೇ ಕಾಲ. ತೆಂಗಿನ ನಾರಿನ ಬ್ರಷ್ ಅಥವಾ ನೈಲಾನ್ ಬ್ರಷ್ ಸಾಕು. ತಂತಿ ಬ್ರಷ್ ಸಿಪ್ಪೆಯನ್ನು ಕೆರೆಯುತ್ತದೆ, ತಂತಿಯ ಚೂರು ತೂತಿನಲ್ಲಿ ಉಳಿದು ತುಕ್ಕು ಇಳಿಯುತ್ತದೆ. ಕೆಳಗೆ ಟಾರ್ಪಾಲ್ ಹಾಸಿ, ಬಿದ್ದ ಹುಡಿಯನ್ನು ಗುಡಿಸಿ ದೂರ ಹಾಕಿ, ಗೋಡೆ ಬುಡದಲ್ಲೇ ಬಿಡಬೇಡಿ. ಮೂಗಿಗೆ ಮಾಸ್ಕ್ ಇರಲಿ.

ಟಾಯ್ಲೆಟ್ ತೊಳೆಯುವ ಆಸಿಡ್ ಬೇಡವೇ ಬೇಡ. ಹಳೇ ಗೋಡೆಯ ಸಂದಿಯಲ್ಲಿರುವುದು ಸುಣ್ಣದ ಗಾರೆ. ಆಸಿಡ್ ಅದನ್ನು ನೊರೆ ಬರಿಸಿ ತಿನ್ನುತ್ತದೆ, ಹೊಸ ಉಪ್ಪನ್ನೂ ಕೊಡುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ವಿಷಗಾಳಿ ಏಳುತ್ತದೆ, ಮುಚ್ಚಿದ ಗ್ಯಾರೇಜಿನಲ್ಲಿ ಅದು ಜೀವಕ್ಕೇ ಅಪಾಯ. ಯೂರಿಯಾ ಚೆಲ್ಲಿದ ಜಾಗಕ್ಕೂ ಬ್ಲೀಚಿಂಗ್ ಪೌಡರ್ ಹಾಕಬೇಡಿ. ಮಿಕ್ಕಿದ ಬೋರ್ಡೋ ದ್ರಾವಣವನ್ನು ಪಾಚಿಗೆ ಹೊಡೆದವರೂ ಇದ್ದಾರೆ. ಪಾಚಿಯೇನೋ ಸಾಯುತ್ತದೆ, ಗೋಡೆ ನೀಲಿಯಾಗುತ್ತದೆ. ಪಾಚಿಗೆ ಅಷ್ಟೆಲ್ಲ ಬೇಕಾಗಿಲ್ಲ. ನೀರು ನಿಂತರೆ, ಬಿಸಿಲು ಬಿದ್ದರೆ ತಾನೇ ಒಣಗುತ್ತದೆ, ಮರದ ಚಕ್ಕೆಯಲ್ಲಿ ಕೆರೆದರೆ ಬೀಳುತ್ತದೆ.

ಎಣ್ಣೆ, ಗ್ರೀಸ್ ಕಲೆ ಗ್ಯಾರೇಜಿನ ಸ್ಪೆಷಲ್. ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಒಣ ಸುಣ್ಣದ ಹುಡಿ ಅಥವಾ ಬೂದಿ ಒತ್ತಿ ಒಂದು ರಾತ್ರಿ ಬಿಟ್ಟು ಗುಡಿಸಿ, ಎರಡು ಮೂರು ಸಲ.

ಪೊಟ್ಯಾಷ್ ಮೂಲೆಯಲ್ಲಿ ಗುಡಿಸುವುದು ಸಾಲಲಿಲ್ಲ. ಅಲ್ಲಿಗೆ ಹಳೇ ಕಟ್ಟಡ ಉಳಿಸುವವರು ಮಾಡುವ ಪಟ್ಟಿನ ಉಪಾಯ ಮಾಡಿದೆ. ಹಳೇ ಪೇಪರ್ ನೆನೆಸಿ ರುಬ್ಬಿ, ಬಿಳಿ ಜೇಡಿಮಣ್ಣು ಕಲಸಿ ಅರ್ಧ ಇಂಚು ದಪ್ಪಕ್ಕೆ ಗೋಡೆಗೆ ಮೆತ್ತುವುದು. ಅದು ಒಣಗುತ್ತಾ ಗೋಡೆಯ ಉಪ್ಪುನೀರನ್ನು ತನ್ನೊಳಗೆ ಎಳೆಯುತ್ತದೆ. ಪೂರ್ತಿ ಒಣಗಿದ ಮೇಲೆ ಕಿತ್ತು ಎಸೆಯಬೇಕು, ಅದನ್ನೇ ಮತ್ತೆ ಕಲಸಬಾರದು. ಮೂರು ಸಲ ಮಾಡಿದೆ. ಮೂರನೇ ಸಲ ಹುಡಿ ಬರುವುದು ಬಹಳ ಕಡಿಮೆಯಾಯಿತು. ಹೆಂಡತಿ ಮಿಕ್ಸಿ ಕೊಡಲಿಲ್ಲ, ಕೈಯಲ್ಲೇ ಹಿಸುಕಿದ್ದು!

ನೀರಿನ ದಾರಿ

ಅಸಲು ಕೆಲಸ ಇದು, ಆದರೆ ಹೇಳುವುದಕ್ಕೆ ಹೆಚ್ಚಿಲ್ಲ. ಹಿಂದೆ ಮಾಡಿನ ಅಂಚಿಗೆ ಅಡಿಕೆ ಮರದ ದಂಬೆ ಕಟ್ಟುತ್ತಿದ್ದರು, ಮಳೆಗಾಲ ಶುರುವಾಗುವ ಮುಂಚೆ ಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ದಂಬೆ ಮುರಿದು ಹೋದ ಮೇಲೆ ನಾವು ಹಾಕಲೇ ಇಲ್ಲ. ಮಾಡಿನ ನೀರು ಅಂಗಳಕ್ಕೆ ಬಿದ್ದು ಸಿಡಿದು ಗೋಡೆಯ ಬುಡಕ್ಕೇ ಬಡಿಯುತ್ತಿತ್ತು. ಪಾಚಿ ಸರಿಯಾಗಿ ಎರಡು ಅಡಿಗೆ ನಿಂತದ್ದು ಅದಕ್ಕೇ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ದಂಬೆ ಮಾಡಿದೆ. ಗೋಡೆ ಬುಡದ ಮಣ್ಣು ಪಂಚಾಂಗಕ್ಕಿಂತ ಮೇಲೆ ಬಂದಿತ್ತು, ಒಂದಡಿ ತೆಗೆದು ಇಳಿಜಾರು ಕೊಟ್ಟೆ. ಪಶ್ಚಿಮದ ಗೋಡೆಗೆ ಈ ಸಲ ಮಡಲಿನ ಬದಲು ಶೇಡ್ ನೆಟ್. ಗೊಬ್ಬರದ ಚೀಲ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ. ಇದರಿಂದ ಗೊಬ್ಬರವೂ ಗಟ್ಟಿ ಕಟ್ಟಲಿಲ್ಲ.

ಚೇಳಿನ ಸಂದಿಗಳನ್ನು ಮೇಸ್ತ್ರಿ ಮುಚ್ಚಿದರು. ಸಿಮೆಂಟ್ ಬೇಡ ಎಂದರು, ನನಗೂ ಆಗ ಅರ್ಥವಾಗಿತ್ತು. ಸಿಮೆಂಟ್ ಕಲ್ಲಿಗಿಂತ ಗಟ್ಟಿ. ನೀರು ಸಂದಿಯಲ್ಲಿ ಹೊರಬರಲಾಗದೆ ಕಲ್ಲಿನ ಮೂಲಕವೇ ಬರಬೇಕಾಗುತ್ತದೆ, ಕಲ್ಲು ಸವೆದು ಸಿಮೆಂಟಿನ ಗೆರೆ ಮಾತ್ರ ಎದ್ದು ನಿಲ್ಲುತ್ತದೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು ಕಲಸಿ ತುಂಬಿದರು.

ಹಾಗಾದರೆ ಬೆಳಕಿಗೆ ಏನು ಮಾಡಿದ್ದು? ಸುಣ್ಣ!

ಹೆಂಡತಿಯ ಬೇಡಿಕೆ ನ್ಯಾಯದ್ದೇ. ಕತ್ತಲೆಯ ಗ್ಯಾರೇಜಿನಲ್ಲಿ ಕೈ ಹಾಕುವುದು ಅಪಾಯ. ಗೋಡೆಗೆ ಬಿಳುಪು ಬೇಕು, ಉಸಿರೂ ಕಟ್ಟಬಾರದು. ಎರಡಕ್ಕೂ ಹೊಂದುವುದು ನಮ್ಮ ಹಳೇ ಸುಣ್ಣ. ಅದು ಗೋಡೆಯ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ, ಆದರೂ ಆವಿ ಹೋಗುವಷ್ಟು ತೆಳು. ಅದರ ಕ್ಷಾರಕ್ಕೆ ಬೂಸ್ಟು, ಪಾಚಿ ಸುಲಭಕ್ಕೆ ಹತ್ತುವುದಿಲ್ಲ. ಕೆಳಗೆ ಉಪ್ಪು ಬಂದು ಉದುರಿದರೆ ಉದುರುವುದು ಸುಣ್ಣ, ಕಲ್ಲಲ್ಲ. ಗುಡಿಸಿ ಮತ್ತೆ ಬಳಿದರಾಯಿತು.

ಬೋರ್ಡೋ ಮಾಡುವ ನಮಗೆ ಸುಣ್ಣ ಹೊಸತಲ್ಲ. ಅದೇ ಚಿಪ್ಪಿನ ಸುಣ್ಣ ತಂದೆ. ಒಂದು ಕಿಲೋ ಸುಣ್ಣಕ್ಕೆ ಐದು ಲೀಟರ್ ನೀರು. ಕಬ್ಬಿಣದ ಅಥವಾ ಮಣ್ಣಿನ ಪಾತ್ರೆಯಲ್ಲಿ ನೀರಿಟ್ಟು ಅದಕ್ಕೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸುಣ್ಣದ ಮೇಲೆ ನೀರು ಸುರಿಯಬೇಡಿ, ಕುದಿದು ಮುಖಕ್ಕೇ ಹಾರುತ್ತದೆ. ಪ್ಲಾಸ್ಟಿಕ್ ಬಾಲ್ದಿ ಬಿಸಿಗೆ ಮೆತ್ತಗಾಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ತುಂಬಾ ಹೊತ್ತು ನೀರಲ್ಲಿ ತೊಳೆದು ಸೀದಾ ಡಾಕ್ಟರ ಹತ್ತಿರ. ಒಂದು ದಿನ ಪೂರ್ತಿ ಬಿಟ್ಟು ಬಟ್ಟೆಯಲ್ಲಿ ಸೋಸಿ. ಕೈಗೆ ಅಂಟದಿರಲು ಹತ್ತು ಲೀಟರಿಗೆ 40 ಗ್ರಾಂ ಗೋಂದನ್ನು ಬಿಸಿನೀರಲ್ಲಿ ಕರಗಿಸಿ ಸೇರಿಸಿ. ಕೆಲವರು ಗಂಜಿ ಹಾಕುತ್ತಾರೆ. ನಮ್ಮ ಮಳೆಗಾಲದಲ್ಲಿ ಗಂಜಿಗೆ ಬೂಸ್ಟು ಬರುತ್ತದೆ ಎಂಬ ಅನುಮಾನದಿಂದ ನಾನು ಹಾಕಲಿಲ್ಲ. ಚೂರು ನೀಲಿ ಹಾಕಿದರೆ ಬಿಳುಪು ಎದ್ದು ಕಾಣುತ್ತದೆ.

ಗೋಡೆಯನ್ನು ಸ್ವಲ್ಪ ತೇವ ಮಾಡಿ, ಹಾಲಿನಷ್ಟು ತೆಳುವಾಗಿ ಮೂರು ಕೋಟ್, ದಿನಕ್ಕೊಂದು. ದಪ್ಪ ಬಳಿದರೆ ಬಿರುಕು ಬಿಟ್ಟು ಉದುರುತ್ತದೆ. ಹಚ್ಚುವಾಗ ನೀರಿನ ಹಾಗೆ ಕಾಣುತ್ತದೆ, ಹೆದರಬೇಡಿ, ಒಣಗಿದ ಮೇಲೆ ಬಿಳಿಯಾಗುತ್ತದೆ. ನಾವು ಬಳಿದದ್ದು ಒಳಗೆ ಮಾತ್ರ, ನೆಲದಿಂದ ಮೂರು ಅಡಿ ಬಿಟ್ಟು ಮೇಲಕ್ಕೆ. ಕೆಳಗಿನ ಮೂರು ಅಡಿ ಬರೀ ಕಲ್ಲು, ಉಪ್ಪು ಹೊರಬರಲು ಬಿಟ್ಟದ್ದು. ಹೊರಗೋಡೆಗೆ ಗುಡಿಸಿದ್ದು ಬಿಟ್ಟರೆ ಏನೂ ಇಲ್ಲ. ಮೇಸ್ತ್ರಿಯ ಮೂರು ದಿನದ ಸಂಬಳ ಸೇರಿ ಖರ್ಚು ಏಳು ಸಾವಿರದೊಳಗೆ. ಈಗ ಒಂದೇ ಎಲ್‌ಇಡಿ ಬಲ್ಬಿಗೆ ಮೂಲೆಯ ಸ್ಪ್ಯಾನರ್ ಕೂಡ ಕಾಣುತ್ತದೆ.

ಬಣ್ಣ ಯಾವಾಗ ಹೊಡೆಯಬಹುದು?

ಬಣ್ಣವೇ ಬೇಡ ಅಂತ ನಾನು ಹೇಳುತ್ತಿಲ್ಲ. ನಿಮ್ಮದು ಸಿಮೆಂಟ್ ಬ್ಲಾಕಿನ ಗ್ಯಾರೇಜ್, ಗಾರೆ ಆಗಿದೆ, ದನ ಕಟ್ಟಿದ ಜಾಗ ಅಲ್ಲ, ಪ್ಲಾಸ್ಟಿಕ್ ಪರೀಕ್ಷೆಯಲ್ಲಿ ಒಣ ಬಂತು ಅಂದರೆ ಧೈರ್ಯವಾಗಿ ಎಮಲ್ಷನ್ ಹೊಡೆಯಿರಿ. ಹೊಸ ಮೆಷಿನ್ ಕಟ್ ಕೆಂಪುಕಲ್ಲಾದರೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ, ಉಪ್ಪು ಎಲ್ಲಿ ಬರುತ್ತದೆ ನೋಡಿ. ಘಟ್ಟದ ಮೇಲಿನ ಸುಟ್ಟ ಇಟ್ಟಿಗೆಯ ಗೋಡೆಗೂ ಲೆಕ್ಕ ಇದೇ. ಸುಟ್ಟ ಇಟ್ಟಿಗೆಯ ಹೊರಮೈಯೂ ಸಿಪ್ಪೆಯೇ, ಗ್ರೈಂಡರ್ ಹಿಡಿದು ತಿಕ್ಕಬೇಡಿ.

ತಮ್ಮನ ಕ್ಲಿಯರ್ ಕೋಟ್ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಇದು ಮೇಲೆ ಪದರ ಕಟ್ಟುವಂಥದ್ದಾ, ಒಳಗೆ ಇಳಿಯುವಂಥದ್ದಾ? ಹೊಳೆಯುವ ವಾರ್ನಿಷ್ ತರದ್ದು ಪದರ ಕಟ್ಟುತ್ತದೆ, ಅದು ಪಾರದರ್ಶಕ ಎಮಲ್ಷನ್ ಅಷ್ಟೇ. ಸೈಲೇನ್-ಸಿಲೋಕ್ಸೇನ್ ಎಂದು ಬರೆದದ್ದು ಒಳಗೆ ಇಳಿಯುತ್ತದೆ, ಹೊಳಪು ಕೊಡುವುದಿಲ್ಲ, ಆವಿ ಹೋಗಲು ಬಿಡುತ್ತದೆ. ಆದರೆ ನೆಲದಿಂದ ನೀರು, ಉಪ್ಪು ಏರುವ ಗೋಡೆಗೆ ಅದೂ ಆಗದು. ಆವಿ ಮಾತ್ರ ಹೊರಗೆ ಹೋಗಿ ಉಪ್ಪು ಆ ಪದರದ ಹಿಂದೆಯೇ ಹರಳು ಕಟ್ಟುತ್ತದೆ. ಪಂಚಾಂಗ ಒಣಗಿದ ಮೇಲೆ, ಗಾಳಿಮಳೆ ಬಡಿಯುವ ಹೊರಗೋಡೆಗೆ ಮಾತ್ರ ಯೋಚಿಸಬಹುದು.

ನನ್ನ ಲೆಕ್ಕದಲ್ಲಿ ತೂಗಿ ನೋಡಬೇಕಾದ್ದು ಖರ್ಚಿಗಿಂತ ಹೆಚ್ಚಾಗಿ ಇದು: ಇವತ್ತು ಗುಡಿಸಿ ಬಿಟ್ಟ ಗೋಡೆಗೆ ಮುಂದಿನ ವರ್ಷ ಬಣ್ಣ ಹೊಡೆಯಬಹುದು. ಬಣ್ಣ ಹೊಡೆದ ಕೆಂಪುಕಲ್ಲನ್ನು ಮುಂದಿನ ವರ್ಷ ಬರೀ ಕಲ್ಲು ಮಾಡಲು ಬರುವುದಿಲ್ಲ, ಅಷ್ಟು ತೂತಿನೊಳಗಿನ ಬಣ್ಣ ತೆಗೆಯುವವರು ಯಾರು? ಪಂಪ್ ಕೋಣೆಯಲ್ಲಿ ನಾನು ಇನ್ನೂ ತೆಗೆಯುತ್ತಿದ್ದೇನೆ, ಚಾಕುವಿನ ತುದಿಯಲ್ಲಿ, ಬಿಡುವಾದಾಗ ಒಂದೊಂದು ಕಲ್ಲು. ತೊಲೆಯ ಕೆಳಗಿನ ಮೂಲೆಕಲ್ಲು ಬದಲಿಸಲು ಮೇಸ್ತ್ರಿ ಫೆಬ್ರವರಿಗೆ ಬರುತ್ತೇನೆ ಎಂದಿದ್ದಾರೆ. ಅಲ್ಲಿಯತನಕ ತೊಲೆಗೆ ಒಂದು ಅಡಿಕೆ ಕಂಬದ ಊರೆ ಕೊಟ್ಟಿದ್ದೇನೆ.

ಈಗ ಆಗಸ್ಟ್. ಹಟ್ಟಿಯ ಕೆಳಗಿನ ಮೂರು ಅಡಿ ಈ ಮಳೆಗೂ ಒದ್ದೆಯೇ, ಆದರೆ ಪಾಚಿ ಮೊಣಕಾಲಿನ ಎತ್ತರಕ್ಕೆ ಇಳಿದಿದೆ. ಪೊಟ್ಯಾಷ್ ಮೂಲೆಯಲ್ಲಿ ಸುಣ್ಣ ಎರಡು ಕಡೆ ಉದುರಿದೆ, ನಾಣ್ಯದ ಪಕ್ಕದ ಫೋಟೋದಲ್ಲಿ ಕಲ್ಲು ಮಾತ್ರ ಹಾಗೇ ಇದೆ. ಜನವರಿಯಲ್ಲಿ ಮತ್ತೆ ಪ್ಲಾಸ್ಟಿಕ್ ಅಂಟಿಸಿ ನೋಡಬೇಕು. ಅದಕ್ಕೂ ಮುಂಚೆ ದೀಪಾವಳಿಗೆ ತಮ್ಮ ಬರುತ್ತಾನೆ. ಗೋಪೂಜೆಗೆ ಈಗ ದನವಿಲ್ಲದಿದ್ದರೂ ಹಟ್ಟಿ ಬಾಗಿಲಿಗೆ ಶೇಡಿ ಬರೆಯಲೇಬೇಕು ಎಂದು ಅಪ್ಪಯ್ಯ ಹೇಳಿಯಾಗಿದೆ. ಟಿಲ್ಲರಿಗೇ ಹೂ ಹಾಕುವುದು ಅಂತ ಮಾತಾಗಿದೆ.